ಹೊಸಬನೂ ಅದೇ ಬಟನ್ ಒತ್ತಿದ

ಪ್ರಶ್ನೆ: ನಮ್ಮದೊಂದು ಸಣ್ಣ ಕೊಬ್ಬರಿ ಎಣ್ಣೆ ಮಿಲ್ಲು. ಕೊಬ್ಬರಿ ತುಂಡು ಮಾಡುವ ಕಟ್ಟರ್ ಒಂದು, ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್ ಒಂದು. ಕಟ್ಟರ್ ನಿಲ್ಲಿಸಲು ಹೋಗಿ ಕೆಲಸದವನು ಎಕ್ಸ್‌ಪೆಲ್ಲರ್ ನಿಲ್ಲಿಸಿಬಿಡುತ್ತಾನೆ. ಹಿಂಡಿ ಒಳಗೇ ಗಟ್ಟಿಯಾಗುತ್ತದೆ. ಬಿಚ್ಚಿ ಕೆರೆದು ಜೋಡಿಸುವಾಗ ಅರ್ಧ ದಿನ ಹೋಯಿತು. ಬೈದೆ, ಸಂಬಳ ಕಡಿದೆ, ಕೊನೆಗೆ ಕೆಲಸ ಬಿಡಿಸಿದೆ. ಹೊಸಬ ಬಂದ. ಅವನೂ ಅದನ್ನೇ ಮಾಡಿದ! ಈಗಿನ ಹುಡುಗರಿಗೆ ಗಮನವೇ ಇಲ್ಲ. ಎಂತ ಮಾಡುವುದು ಅಣ್ಣಾ? ಸ್ಟಾರ್ಟರ್‌ಗಳಿಗೆ ಹೆಸರು ಬರೆಸಿ ಅಂಟಿಸಿಯೂ ಆಗಿದೆ. ಫೋಟೋ ಇಟ್ಟಿದ್ದೇನೆ.
— ಮಿಲ್ಲಿನ ಮಾಲೀಕರು, ಪೆರ್ಲ

ಉತ್ತರ: ಹುಡುಗರ ಗಮನದ ಮಾತು ಆಮೇಲೆ. ಮೊದಲು ನಿಮ್ಮ ಗೋಡೆ ನೋಡುವ. ಎರಡೂ ಸ್ಟಾರ್ಟರ್ ಒಂದೇ ಕಂಪನಿಯದ್ದು. ಒಂದೇ ಅಳತೆ, ಒಂದೇ ಹಸಿರು ಬಟನ್, ಒಂದೇ ಕೆಂಪು ಬಟನ್. ನಡುವೆ ಒಂದು ಗೇಣು ಜಾಗವೂ ಇಲ್ಲ. ಸಾಲದ್ದಕ್ಕೆ ಎಡಗಡೆಯ ಸ್ಟಾರ್ಟರ್ ಬಲಗಡೆಯ ಮೆಶಿನಿಗೆ, ಬಲಗಡೆಯದ್ದು ಎಡಗಡೆಯದಕ್ಕೆ. ವಯರಿಂಗ್ ಮಾಡಿದವರಿಗೆ ನಾಲ್ಕು ಮೀಟರ್ ಕೇಬಲ್ ಉಳಿದಿರಬೇಕು. ನಿಮಗೆ ಅರ್ಧ ದಿನ ಹೋಗುತ್ತಿದೆ. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದರು ಅಂದರೆ ಮೂರನೆಯವನೂ ಮಾಡುತ್ತಾನೆ. ನೀವು ನಿಂತರೂ ಮಾಡುತ್ತೀರಿ ಮಾರಾಯ್ರೇ.

ಇದು ಹಳೇ ಕಾಯಿಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳಲ್ಲಿ ಇದೇ ನಡೆಯುತ್ತಿತ್ತು. ವಿಮಾನ ನೆಲಕ್ಕಿಳಿದ ಮೇಲೆ ಪೈಲಟ್ ರೆಕ್ಕೆಯ ಹಿಂಬದಿಯ ಮಡಚುವ ಹಲಗೆಯನ್ನು, ಅಂದರೆ ಫ್ಲ್ಯಾಪನ್ನು, ಮೇಲೆತ್ತಬೇಕು. ಅದರ ಬದಲು ಚಕ್ರವನ್ನೇ ಮೇಲೆತ್ತಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಪೈಲಟ್‌ದೇ ತಪ್ಪು ಎಂದು ಬರೆದು ಕಡತ ಮುಚ್ಚುವುದು ಸುಲಭವಿತ್ತು. 1943ರಲ್ಲಿ ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿಗೇ ಹೋಗಿ ನೋಡಿದರು. ಚಕ್ರದ ಸ್ವಿಚ್ಚೂ ಫ್ಲ್ಯಾಪಿನ ಸ್ವಿಚ್ಚೂ ಅಕ್ಕಪಕ್ಕ, ಎರಡೂ ಒಂದೇ ಥರ. ಸಿ-47 ಎಂಬ ಇನ್ನೊಂದು ವಿಮಾನದಲ್ಲಿ ಇವೆರಡೂ ಬೇರೆ ಬೇರೆ ರೀತಿ ಇದ್ದವು. ಅದರ ಪೈಲಟ್‌ಗಳಿಗೆ ಈ ತೊಂದರೆಯೇ ಇರಲಿಲ್ಲ. ಚಪಾನಿಸ್ ಮಾಡಿದ್ದು ಇಷ್ಟೇ: ಚಕ್ರದ ಸ್ವಿಚ್ಚಿನ ತುದಿಗೆ ಒಂದು ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪಿನದಕ್ಕೆ ಬೆಣೆಯಂಥ ತುಂಡು. ಕಣ್ಣು ಹಾಯಿಸದೆ ಮುಟ್ಟಿದರೂ ಕೈಗೆ ಗೊತ್ತಾಗಬೇಕು. ಇವತ್ತಿಗೂ ದೊಡ್ಡ ವಿಮಾನಗಳ ಲಿವರ್‌ಗಳಿಗೆ ಇಂಥ ಆಕಾರ ಇರಲೇಬೇಕೆಂದು ನಿಯಮ ಇದೆ. ಆಮೇಲೆ 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟ್‌ಗಳ 460 ತಪ್ಪುಗಳನ್ನು ಒಟ್ಟು ಮಾಡಿ ವಿಂಗಡಿಸಿದರು. ಅರ್ಧದಷ್ಟು ಒಂದು ಕಂಟ್ರೋಲಿನ ಬದಲು ಇನ್ನೊಂದನ್ನು ಮುಟ್ಟಿದ್ದು. ನಿಮ್ಮ ಮಿಲ್ಲಿನ ಕಥೆಯೇ.

ಎಡಬಲ ಅದಲುಬದಲಾದದ್ದಕ್ಕೂ ಪರೀಕ್ಷೆ ನಡೆದಿದೆ. ಅದೇ ಚಪಾನಿಸ್ ಮತ್ತು ಒಬ್ಬ ಸಹೋದ್ಯೋಗಿ 1959ರಲ್ಲಿ ನಾಲ್ಕು ಬರ್ನರಿನ ಸ್ಟೌವ್ ಇಟ್ಟು ಯಾವ ಬರ್ನರಿಗೆ ಯಾವ ತಿರುಗಣೆ ಎಂದು ಜನರಿಂದ ಒತ್ತಿಸಿ ನೋಡಿದರು. ತಿರುಗಣೆಗಳು ಇರುವ ಕ್ರಮದಲ್ಲೇ ಬರ್ನರ್‌ಗಳನ್ನೂ ಸ್ವಲ್ಪ ಸ್ವಲ್ಪ ಸರಿಸಿ ಜೋಡಿಸಿದ ಮಾದರಿಯಲ್ಲಿ ಒಂದು ತಪ್ಪೂ ಆಗಲಿಲ್ಲ. ಉಳಿದ ಮಾದರಿಗಳಲ್ಲಿ ಆಗುತ್ತಲೇ ಇತ್ತು.

ತಪ್ಪಿನಲ್ಲೂ ಜಾತಿ ಉಂಟು. ಮ್ಯಾಂಚೆಸ್ಟರಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟರು. ಮಾಡಬೇಕಾದ್ದು ಗೊತ್ತಿದ್ದು ಕೈ ಬೇರೆಯದನ್ನು ಮಾಡುವುದು ಒಂದು. ನಡುವೆ ಒಂದು ಹಂತ ಮರೆತುಹೋಗುವುದು ಇನ್ನೊಂದು. ಪರಿಸ್ಥಿತಿಯನ್ನೇ ತಪ್ಪಾಗಿ ತಿಳಿದುಕೊಂಡು, ಸರಿ ಎಂದು ನಂಬಿಯೇ ತಪ್ಪು ಕೆಲಸ ಮಾಡುವುದು ಮೂರನೆಯದು. ಗೊತ್ತಿದ್ದೂ ನಿಯಮ ಮುರಿಯುವುದು ಬೇರೆಯೇ. ಮದ್ದು ಒಂದೊಂದಕ್ಕೆ ಒಂದೊಂದು. ತಿಳಿವಳಿಕೆ ತಪ್ಪಿದವನಿಗೆ ಕಲಿಸಬಹುದು. ಕೈ ತಪ್ಪಿದವನಿಗೆ ಎಂತ ಕಲಿಸುತ್ತೀರಿ? ಅವನಿಗೆ ಎಲ್ಲ ಗೊತ್ತಿದೆ. ಕೆಲಸ ಚೆನ್ನಾಗಿ ಬಂದವನ ಕೈಯೇ ಹೀಗೆ ಜಾಸ್ತಿ ತಪ್ಪುವುದು, ಯಾಕೆಂದರೆ ಅವನು ಪ್ರತಿ ಸಲ ಯೋಚಿಸಿ ಒತ್ತುವುದಿಲ್ಲ. ಬೈದರೆ ಎರಡು ದಿನ ಹುಷಾರಾಗಿರುತ್ತಾನೆ, ಮೂರನೇ ದಿನ ಮತ್ತೆ ಅದೇ.

ಹಾಗಾಗಿ ಕಟ್ಟರಿನ ಸ್ಟಾರ್ಟರನ್ನು ಕಿತ್ತು ಕಟ್ಟರಿನ ಹತ್ತಿರವೇ ಹಾಕಿಸಿ. ಎಕ್ಸ್‌ಪೆಲ್ಲರಿನದ್ದು ಅದರ ಹತ್ತಿರ ಇರಲಿ, ಅದರ ಮಾಮೂಲಿ ಸ್ಟಾಪ್ ಬಟನ್ನಿಗೆ ಎತ್ತಿ ಒತ್ತುವಂಥ ಒಂದು ಮುಚ್ಚಳ ಇರಲಿ. ಆದರೆ ನೆನಪಿಡಿ, ತುರ್ತಿಗೆಂದು ಇರುವ ದೊಡ್ಡ ಕೆಂಪು ಅಣಬೆ ಬಟನ್ನಿಗೆ ಮಾತ್ರ ಯಾವ ಮುಚ್ಚಳವೂ ಬೇಡ. ಕೈ ಸಿಕ್ಕಿಕೊಂಡವನು ಮುಚ್ಚಳ ತೆಗೆಯುತ್ತಾ ಕೂರಲು ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಮಾತು. ಇವತ್ತು ತಪ್ಪಿ ಕೆಂಪು ಒತ್ತಿದರು, ಹಿಂಡಿ ಗಟ್ಟಿಯಾಯಿತು. ನಾಳೆ ಒಬ್ಬ ಕಟ್ಟರಿಗೆ ಕೈ ಹಾಕಿ ಸಿಕ್ಕಿದ ಚೂರು ತೆಗೆಯುತ್ತಿರುವಾಗ ಇನ್ನೊಬ್ಬ ಎಕ್ಸ್‌ಪೆಲ್ಲರ್ ಎಂದುಕೊಂಡು ಕಟ್ಟರಿನ ಹಸಿರು ಬಟನ್ ಒತ್ತಿದರೆ? ಬ್ಲೇಡಿನ ಹತ್ತಿರ ಕೈ ಹೋಗುವ ಮೊದಲು ಮೈನ್ ಸ್ವಿಚ್ ಕೆಳಗೆ, ಅದಕ್ಕೊಂದು ಬೀಗ, ಬೀಗದ ಕೈ ಒಳಗೆ ಕೈ ಹಾಕುವವನ ಜೇಬಿನಲ್ಲಿ. ಇದಕ್ಕೆ ಒಂದು ಸಣ್ಣ ಬೀಗದ ಖರ್ಚು. ಮೊದಲು ಇದನ್ನು ಮಾಡಿ, ಸ್ಟಾರ್ಟರ್ ಆಮೇಲೆ ಸರಿಸಿ.

ಹೆಸರು ಬರೆಸಿ ಅಂಟಿಸಿದ್ದೇನೆ ಎನ್ನುತ್ತೀರಿ. ಫೋಟೋದಲ್ಲಿ ಕಾಣುವುದು ಮಲಯಾಳ. ನಿಮ್ಮ ಈಗಿನ ಹುಡುಗ ಒಡಿಶಾದವನಂತೆ, ಹಿಂದಿನವನು ಬಾಯಾರಿನ ಕನ್ನಡ ಶಾಲೆಯಲ್ಲಿ ಕಲಿತವನು. ಕಚೇರಿಯ ಬೋರ್ಡುಗಳಲ್ಲಿ ಕನ್ನಡ ಬೇಕೆಂದು ಗಲಾಟೆ ಮಾಡುವವರಲ್ಲಿ ನಾನೂ ಒಬ್ಬ. ಆದರೂ ಇಲ್ಲಿ ಯಾವ ಲಿಪಿಯನ್ನೂ ನಂಬಬೇಡಿ. ಅವಸರದಲ್ಲಿ ಯಾರೂ ಓದುವುದಿಲ್ಲ. ಒಂದು ಬಟನ್ ದುಂಡಗೆ, ಒಂದು ಚೌಕ ಇರಲಿ. ಸ್ಟಾರ್ಟರಿಗೂ ಮೆಶಿನಿಗೂ ಒಂದೇ ಬಣ್ಣದ ಪಟ್ಟಿ ಬಳಿಸಿ.

ಆ ಹಳೇ ಹುಡುಗ ಸಿಕ್ಕಿದರೆ ವಾಪಸ್ ಕರೆಯಿರಿ. ಕಡಿದ ಸಂಬಳ ಕೊಡಿ. ಹೊಸ ಸ್ಟಾರ್ಟರ್ ಎಲ್ಲಿ ಬೇಕೆಂದು ಅವನನ್ನೇ ಕೇಳಿ, ಎಲೆಕ್ಟ್ರಿಷಿಯನ್‌ಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ರೈಲಿನ ಎಂಜಿನ್‌ನಲ್ಲಿ ಇಬ್ಬರೂ ಸಿಗ್ನಲ್ ಕಂಡಾಗ ಕೈ ಚಾಚಿ ಗಟ್ಟಿಯಾಗಿ ಏನೋ ಹೇಳುತ್ತಾರೆ. ಯಾರಿಗೆ ಹೇಳುವುದು?
— ಏಳನೇ ತರಗತಿ, ಕುಂಬಳೆ

ಉತ್ತರ: ಒಬ್ಬರಿಗೊಬ್ಬರು, ಜೊತೆಗೆ ತಮಗೇ. ಸಿಗ್ನಲಿನ ಬಣ್ಣ ನೋಡಿ ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ನೋಡಿ ಅದನ್ನೇ ಹೇಳುತ್ತಾರೆ. ಸುಮ್ನೆ ನೋಡಿದರೆ ಕಣ್ಣು ಕಂಡರೂ ಮನಸ್ಸು ಕಾಣದೆ ಇರಬಹುದು. ದಿನಾ ಹಸಿರು ಇರುವ ಸಿಗ್ನಲ್ ಇವತ್ತೂ ಹಸಿರೇ ಎಂದು ತಲೆ ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಕೈ ಚಾಚಿ, ಬಾಯಿಬಿಟ್ಟು ಹೇಳಬೇಕಾದರೆ ನಿಜವಾಗಿ ನೋಡಲೇಬೇಕು. ಜಪಾನಿನವರು ಇದನ್ನು ನೂರು ವರ್ಷಕ್ಕಿಂತ ಹಿಂದೆಯೇ ಶುರು ಮಾಡಿದರು. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆಯ ಪ್ರಯೋಗದಲ್ಲಿ ಹೀಗೆ ತೋರಿಸಿ ಹೇಳಿದಾಗ ತಪ್ಪುಗಳು ಸುಮಾರು 85% ಕಡಿಮೆಯಾದವು. ಗಣಿತ ಪರೀಕ್ಷೆಯಲ್ಲಿ ಪ್ಲಸ್ಸು ಮೈನಸ್ಸಿಗೆ ಬೆರಳಿಟ್ಟು ಪಿಸುಗುಟ್ಟಿ ನೋಡು, ಮಗೂ. ಟೀಚರ್ ಬೈದರೆ ಈ ಪುಟ ತೋರಿಸು.

ಪ್ರಶ್ನೆ: ನಾನು ಐಸಿಯುವಿನಲ್ಲಿ ನರ್ಸ್. ರಾತ್ರಿ ಡ್ಯೂಟಿಯಲ್ಲಿ, ಔಷಧಿಯನ್ನು ನಿಗದಿತ ವೇಗದಲ್ಲಿ ರಕ್ತನಾಳಕ್ಕೆ ಬಿಡುವ ಇನ್‌ಫ್ಯೂಷನ್ ಪಂಪಿಗೆ ಗಂಟೆಗೆ 7.5 ಮಿ.ಲೀ. ಎಂದು ಹಾಕಬೇಕಿತ್ತು. 75 ಆಗಿಬಿಟ್ಟಿತು. ಜೊತೆಯ ಸಿಸ್ಟರ್ ಕೂಡಲೇ ನೋಡಿ ನಿಲ್ಲಿಸಿದರು, ರೋಗಿಗೆ ಏನೂ ಆಗಲಿಲ್ಲ. ನನಗೆ ಮೆಮೊ ಬಂತು. ಇನ್ನು ಮೇಲೆ ಇಬ್ಬರು ನೋಡಿ ಸಹಿ ಹಾಕಬೇಕಂತೆ. ಇಷ್ಟು ಸಾಕಾ ಸರ್?
— ಹೆಸರು ಬೇಡ, ಕಾಸರಗೋಡು

ಉತ್ತರ: ಸಾಲದು. ಒಬ್ಬರು ಪಂಪ್ ಹಾಕಿ "ಏಳೂವರೆ ಹಾಕಿದ್ದೇನೆ, ಒಮ್ಮೆ ನೋಡು ಮಾರಾಯ್ತಿ" ಎಂದರೆ ಎರಡನೆಯವರ ಕಣ್ಣಿಗೂ ಏಳೂವರೆಯೇ ಕಾಣುತ್ತದೆ. ಅಮೆರಿಕದ ಆಲನ್ ಸ್ವೇನ್ ಮತ್ತು ಗಟ್‌ಮನ್ ಅಣುಸ್ಥಾವರಗಳಿಗೆಂದು 1983ರಲ್ಲಿ ಕೊಟ್ಟ ‘ಥರ್ಪ್’ ಎಂಬ, ಮನುಷ್ಯರ ತಪ್ಪನ್ನು ಅಂದಾಜು ಮಾಡುವ ವಿಧಾನದಲ್ಲಿ ಇದಕ್ಕೊಂದು ಲೆಕ್ಕ ಇದೆ. ನೂರರಲ್ಲಿ ಒಂದು ಸಲ ತಪ್ಪುವ ಇಬ್ಬರು ಎಂದಿಟ್ಟುಕೊಳ್ಳಿ. ಇಬ್ಬರೂ ಸ್ವತಂತ್ರವಾಗಿ ನೋಡಿದರೆ ತಪ್ಪು ಹತ್ತು ಸಾವಿರದಲ್ಲಿ ಒಂದು ಸಲ ನುಸುಳುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಲವಾಗಿ ಅಂಟಿಕೊಂಡರೆ ಸುಮಾರು ಇನ್ನೂರರಲ್ಲಿ ಒಂದು ಸಲ. ಎರಡು ಸಹಿ ಬಿದ್ದಿರುತ್ತದೆ, ಕಾವಲು ಮಾತ್ರ ಒಂದೂವರೆ ಜನದ್ದೂ ಇರುವುದಿಲ್ಲ. ಆದ್ದರಿಂದ ಎರಡನೆಯವರು ನಿಮ್ಮ ಅಂಕಿ ನೋಡುವ ಮೊದಲೇ ಚೀಟಿ ನೋಡಿ ತಾವೇ ಲೆಕ್ಕ ಹಾಕಬೇಕು. ಆಮೇಲೆ ಪಂಪಿನ ಪರದೆ ಓದಬೇಕು. ಎಲ್ಲ ಔಷಧಿಗೂ ಹೀಗೆ ಮಾಡಲು ಹೋದರೆ ಯಾರೂ ಸರಿಯಾಗಿ ಮಾಡುವುದಿಲ್ಲ. ಇನ್ಸುಲಿನ್, ಹೆಪಾರಿನ್, ಪೊಟ್ಯಾಷಿಯಂ, ಹೀಗೆ ಅಳತೆ ತಪ್ಪಿದರೆ ಜೀವಕ್ಕೇ ಕುತ್ತು ತರುವಂಥವಕ್ಕೆ ಮಾತ್ರ ಇಟ್ಟುಕೊಳ್ಳಿ.

ಬರೆಯುವವರಿಗೂ ಒಂದು ಮಾತು. 1.0 ಎಂದು ಬರೆಯಬೇಡಿ, ಚುಕ್ಕಿ ಅಳಿಸಿದರೆ ಹತ್ತಾಗುತ್ತದೆ. 1 ಸಾಕು. ಬರೀ .5 ಕೂಡ ಬೇಡ, 0.5 ಎಂದೇ ಬರೆಯಬೇಕು. ನಿಮ್ಮ ಪಂಪಿನಲ್ಲಿ ಔಷಧಿವಾರು ಮಿತಿ ಹಾಕುವ ಸೌಕರ್ಯ ಇದೆಯೇ ನೋಡಿ. ಎಷ್ಟೋ ಕಡೆ ಇರುತ್ತದೆ, ತುಂಬಿಸಿರುವುದಿಲ್ಲ. ತುಂಬಿಸಿದ್ದರೆ 75 ಒತ್ತಿದಾಗ ಪಂಪೇ "ಆಗುವುದಿಲ್ಲ" ಎನ್ನುತ್ತಿತ್ತು.

ನಿಮ್ಮ ಆಪರೇಷನ್ ಥಿಯೇಟರಿನಲ್ಲೇ ಒಳ್ಳೆಯ ಉದಾಹರಣೆ ಇದೆ. ಅನಸ್ತೇಷಿಯಾ ಮೆಶಿನಿಗೆ ಜೋಡಿಸುವ ಸಣ್ಣ ಸಿಲಿಂಡರುಗಳ ತಲೆ ನೋಡಿ. ಆಕ್ಸಿಜನ್‌ಗೆ 2 ಮತ್ತು 5ನೇ ಜಾಗದಲ್ಲಿ ತೂತು, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ರಲ್ಲಿ. ಮೆಶಿನಿನ ಮೊಳೆ ಅದಕ್ಕೆ ಸರಿಯಾಗಿ. ಎಷ್ಟು ನಿದ್ದೆಗೆಟ್ಟವರಾದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಆಗುವುದಿಲ್ಲ. ಅಲ್ಲಿ ಯಾರಿಗೂ ಮೆಮೊ ಕೊಡುವ ಅಗತ್ಯ ಬೀಳುವುದಿಲ್ಲ.

ಅಲಾರಂ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಕರಾವಳಿಯ ಕಾರ್ಖಾನೆಯೊಂದರ ಕಂಟ್ರೋಲ್ ರೂಮಿನಲ್ಲಿ ಪ್ಯಾನೆಲ್ ಆಪರೇಟರ್ ಆಗಿದ್ದವನು. ಜಾಸ್ತಿ ಅಲಾರಂ ಹೊಡೆದಷ್ಟೂ ಜನ ಕಡಿಮೆ ನೋಡುತ್ತಾರೆ. ಬೆರಳು ತಾನಾಗಿಯೇ ಹೋಗಿ ಅದರ ಬಾಯಿ ಮುಚ್ಚಿಸುತ್ತದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕಿಂತ ಹೆಚ್ಚು ಅಲಾರಂ ಬಡಿದವು. ಒತ್ತಡ ಬಿಡುವ ವಾಲ್ವ್ ಒಂದು ತೆರೆದೇ ಉಳಿದಿತ್ತು. ಪ್ಯಾನೆಲಿನ ದೀಪ ಮಾತ್ರ ಅದು ಮುಚ್ಚಿದ ಹಾಗೆ ತೋರಿಸಿತು. ಯಾಕೆಂದರೆ ಆ ದೀಪಕ್ಕೆ ಗೊತ್ತಿದ್ದದ್ದು ಮುಚ್ಚಲು ಆಜ್ಞೆ ಹೋಯಿತು ಎಂಬುದಷ್ಟೇ, ವಾಲ್ವ್ ನಿಜವಾಗಿ ಮುಚ್ಚಿತೇ ಎಂಬುದಲ್ಲ. ರಿಯಾಕ್ಟರನ್ನು ತಂಪಾಗಿಡುವ ನೀರು ಅದರಿಂದ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಹೋಗುತ್ತಲೇ ಇತ್ತು. ನಿಮ್ಮ ವಾರ್ಡಿನಲ್ಲೂ ಹಾಗೆಯೇ: ಯಾವ ಮಾನಿಟರಿನ ಮಿತಿಗಳು ಸುಮ್ಮನೆ ಬೊಬ್ಬೆ ಹೊಡೆಯುತ್ತವೆ ಎಂದು ನೀವು ಸಿಸ್ಟರ್‌ಗಳೇ ಒಂದು ಪಟ್ಟಿ ಮಾಡಿ ಡಾಕ್ಟರ ಮುಂದಿಡಿ.

ಮೆಮೊಗೆ ಉತ್ತರ ಬರೆಯುವಾಗ ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ರೋಗಿಗಳಿದ್ದರು, ನಡುವೆ ಯಾರು ಕರೆದರು, ಚುಕ್ಕಿಯ ಕೀಲಿ ಸವೆದಿದೆಯೇ, ಎಲ್ಲ ಬರೆಯಿರಿ. ಇದು ನೆಪ ಹೇಳಿದ ಹಾಗಾಗುವುದಿಲ್ಲ. ಮುಂದಿನವರಿಗೆ ಬೇಕಾದ ಮಾಹಿತಿ ಅದೇ.

ಪ್ರಶ್ನೆ: ಮನುಷ್ಯನ ತಪ್ಪನ್ನು ಅಂಕಿಯಲ್ಲಿ ಹೇಗೆ ಹೇಳುತ್ತಾರೆ? ಪ್ರಾಜೆಕ್ಟಿಗೆ ಬೇಕಿತ್ತು.
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಅಂಕಿಯಿಂದ ಶುರು ಮಾಡಬೇಡಿ. ಮೊದಲು ಕೆಲಸ ನಡೆಯುವಲ್ಲಿ ನಿಂತು ನೋಡಿ. ಹಂತ ಹಂತವಾಗಿ ಬರೆದುಕೊಳ್ಳಿ. ಪ್ರತಿ ಹಂತಕ್ಕೂ ಕೇಳಿ: ಇದನ್ನು ಬಿಟ್ಟುಬಿಟ್ಟರೆ? ಹಿಂದುಮುಂದಾದರೆ? ಬೇರೆಯದಕ್ಕೆ ಮಾಡಿದರೆ? ತಪ್ಪಾದದ್ದು ಯಾರಿಗಾದರೂ ಕಾಣುತ್ತದೆಯೇ, ಸರಿಮಾಡಲು ಸಮಯ ಉಂಟೇ? ಮ್ಯಾನುಯಲ್ ನೋಡಿ ಬರೆದದ್ದು ನಡೆಯುವುದಿಲ್ಲ. ಮ್ಯಾನುಯಲ್ಲಿನ ಕೆಲಸ ಒಂದು, ನಡೆಯುವ ಕೆಲಸ ಇನ್ನೊಂದು.

ಆಮೇಲೆ ಅಂಕಿ. ಬ್ರಿಟನ್ನಿನ ಜೆರಿ ವಿಲಿಯಮ್ಸ್ 1980ರ ದಶಕದಲ್ಲಿ ಕೊಟ್ಟ ‘ಹಾರ್ಟ್’ ವಿಧಾನ ಕಲಿಯಲು ಸುಲಭ. ಕೆಲಸದ ಬಗೆಗೆ ಒಂದು ಮೂಲ ಅಂಕಿ ಇರುತ್ತದೆ. ಅಭ್ಯಾಸವಾದ, ಬೇಗ ಮಾಡುವ, ಹೆಚ್ಚು ಕೌಶಲ ಬೇಡದ ಕೆಲಸಕ್ಕೆ 0.02, ಅಂದರೆ ನೂರಕ್ಕೆ ಎರಡು. ಕೆಲಸವನ್ನು ಕೆಡಿಸುವ ಪರಿಸ್ಥಿತಿಗಳಿಗೆ ಗುಣಕಗಳಿವೆ: ಪರಿಚಯವೇ ಇಲ್ಲದ ಸಂದರ್ಭಕ್ಕೆ 17, ಸಮಯದ ಕೊರತೆಗೆ 11. ಇವು ಅತಿ ಕೆಟ್ಟ ಸ್ಥಿತಿಯ ಅಂಕಿಗಳು. ನಿಮ್ಮಲ್ಲಿ ಸಮಯದ ಕೊರತೆ ಅದರ 0.4 ಪಾಲು ಎಂದು ಅಂದಾಜು ಮಾಡಿದರೆ, 11ರಿಂದ 1 ಕಳೆದು 0.4ರಿಂದ ಗುಣಿಸಿ ಮತ್ತೆ 1 ಕೂಡಿಸಿ. 5 ಬಂತು. 0.02ನ್ನು 5ರಿಂದ ಗುಣಿಸಿದರೆ 0.1. ಹತ್ತರಲ್ಲಿ ಒಂದು ಸಲ ತಪ್ಪು. ನೋಡಿ, ಮನುಷ್ಯ ಅವನೇ, ಅವಸರ ಮಾತ್ರ ಸೇರಿದ್ದು.

0.4 ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳುತ್ತಾರೆ. ಕೇಳಬೇಕಾದ್ದೇ. ಅದು ನಿಮ್ಮ ಅಂದಾಜು. ಹಾಗಾಗಿ ಕೊನೆಯ ಅಂಕಿಯನ್ನು ಎತ್ತಿ ಮೆರೆಸಬೇಡಿ. ಯಾವ ಪರಿಸ್ಥಿತಿ ತೆಗೆದರೆ ಅಂಕಿ ಎಷ್ಟು ಇಳಿಯುತ್ತದೆ ಎಂದು ಹೋಲಿಸಿ. ಇರುವ ದುಡ್ಡನ್ನು ಎಲ್ಲಿ ಹಾಕಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ.

ಪ್ರಶ್ನೆ: 2010ರ ಮಂಗಳೂರು ವಿಮಾನದಲ್ಲಿ ನಮ್ಮ ಮನೆಯವರೊಬ್ಬರು ಇದ್ದರು. ಪೈಲಟ್ ನಿದ್ದೆ ಮಾಡಿದ್ದ, ಅವನದ್ದೇ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ಅಷ್ಟೇ ಏನು?
— ಉಪ್ಪಳ

ಉತ್ತರ: ಮೇ 22ರ ಆ ಬೆಳಿಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ 166 ಜನ ಇದ್ದರು. 158 ಜನ ತೀರಿಕೊಂಡರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅದು ಇನ್ನೂ ಹಳೆಯ ಸುದ್ದಿಯಾಗಿಲ್ಲ. ನಿಮ್ಮ ಪ್ರಶ್ನೆಗೆ ತನಿಖಾ ವರದಿಯಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ.

ನೇರ ಕಾರಣ ಕ್ಯಾಪ್ಟನ್ ಎಂದೇ ವರದಿ ಹೇಳಿದೆ. ವಿಮಾನ ಸರಿಯಾದ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ಇಲ್ಲದಿದ್ದರೂ ಅವರು ಇಳಿಯುವುದನ್ನು ಬಿಡಲಿಲ್ಲ. ಕೊ-ಪೈಲಟ್ ಮೂರು ಸಲ "ಗೋ ಅರೌಂಡ್" ಎಂದರು, ಅಂದರೆ ಇಳಿಯಬೇಡಿ, ಮತ್ತೆ ಮೇಲೇರಿ ಎಂದು. ಯಂತ್ರದ ಎಚ್ಚರಿಕೆಗಳೂ ಬಂದವು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಇದನ್ನು ಸಣ್ಣದು ಮಾಡಿ ಹೇಳುವುದು ನನಗೂ ಇಷ್ಟವಿಲ್ಲ.

ಆದರೆ ವರದಿ ಅಲ್ಲಿಗೇ ನಿಂತಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ಗಾಢ ನಿದ್ದೆಯಿಂದ ಎದ್ದವರ ತಲೆ ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಜೊತೆಗೆ ಅದು ಮೈ ತಾನಾಗಿಯೇ ಮಂದವಾಗಿರುವ ನಸುಕಿನ ಹೊತ್ತು. ಆ ದಿನಗಳಲ್ಲಿ ಮಂಗಳೂರಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಕೆಳಗಿಳಿಯಲು ಅನುಮತಿ ಎಂದಿಗಿಂತ ಹತ್ತಿರ ಬಂದ ಮೇಲೆ ಸಿಕ್ಕಿತು, ವಿಮಾನ ಎತ್ತರದಲ್ಲೇ ಉಳಿಯಲು ಅದೂ ಸೇರಿಕೊಂಡಿತು. ಮತ್ತೆ ಕೊ-ಪೈಲಟ್. ಅವರು ಹೇಳಿದರು, ಹೇಳಿದರು, ಆದರೆ ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರದ ಬಗ್ಗೆ ಇದ್ದ ಸೂಚನೆಗಳೇ ಅಸ್ಪಷ್ಟ, ಅದಕ್ಕಾಗಿಯೇ ಇರಬಹುದು ಎಂದು ವರದಿ ಹೇಳುತ್ತದೆ.

ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಢಿಕ್ಕಿಯಾಗಿ 583 ಜನ ಸತ್ತರು. ರನ್‌ವೇಯಲ್ಲಿ ಇನ್ನೊಂದು ವಿಮಾನ ಇದೆಯೋ ಏನೋ ಎಂದು, ಮೇಲೇರಲು ಹೊರಟ ವಿಮಾನದ ಫ್ಲೈಟ್ ಎಂಜಿನಿಯರ್ ಸಂಶಯ ಎತ್ತಿದ್ದರು. ಇಲ್ಲವೆಂದು ಕ್ಯಾಪ್ಟನ್ ಖಡಾಖಂಡಿತ ಹೇಳಿಬಿಟ್ಟರು, ಅಲ್ಲಿಗೆ ಮಾತು ಮುಗಿಯಿತು. ಅಂಥ ಅಪಘಾತಗಳ ನಂತರವೇ ಕಿರಿಯರು ಬಾಯಿಬಿಟ್ಟು ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ತರಬೇತಿಯಾಗಿ ಕಲಿಸಲು ಶುರು ಮಾಡಿದ್ದು. ಎರಡು ಸಲ ಹೇಳಿಯೂ ಉತ್ತರ ಬರದಿದ್ದರೆ ಕಿರಿಯರೇ ಕಂಟ್ರೋಲ್ ತೆಗೆದುಕೊಳ್ಳಬೇಕೆಂಬ ಪದ್ಧತಿಯೂ ಇದೆ. ಕಾಗದದಲ್ಲಿ ಇದ್ದರೆ ಸಾಲದು. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಹೇಳಿ ಬೆಳೆಸುವ ನಮ್ಮಂಥ ಊರಿನಲ್ಲಿ ಇದನ್ನು ಹತ್ತು ಸಲ ಮಾಡಿಸಿ ಮಾಡಿಸಿ ರೂಢಿ ಮಾಡಿಸಬೇಕು.

ಪೈಲಟ್‌ನ ತಪ್ಪು ಹೌದೇ ಎಂದರೆ ಹೌದು. ಅಷ್ಟೇ ಏನು ಎಂದರೆ ಅಲ್ಲ. ಎರಡೂ ಒಟ್ಟಿಗೆ ನಿಜ.

ಪ್ರಶ್ನೆ: ಎಟಿಎಮ್ಮಿನಲ್ಲಿ ಹಣ ತೆಗೆದುಕೊಂಡು ಕಾರ್ಡ್ ಅಲ್ಲೇ ಬಿಟ್ಟು ಬಂದೆ. ವಯಸ್ಸಾಯಿತು ಎಂದು ಸೊಸೆ ನಗುತ್ತಾಳೆ.
— ನಿವೃತ್ತ ಮೇಷ್ಟ್ರು, ಮುಳ್ಳೇರಿಯ

ಉತ್ತರ: ಸೊಸೆಗೂ ಒಂದು ದಿನ ಆಗುತ್ತದೆ ಮೇಷ್ಟ್ರೇ. ನೀವು ಹೋದದ್ದು ಹಣಕ್ಕೆ. ಹಣ ಕೈಗೆ ಬಂದ ಕೂಡಲೇ ತಲೆಯೊಳಗೆ ಕೆಲಸ ಮುಗಿಯಿತು, ಕಾಲು ಬಾಗಿಲ ಕಡೆ ತಿರುಗಿತು. ಆಮೇಲೆ ಬರುವ ಕಾರ್ಡಿಗೆ ಯಾರು ಕಾಯುತ್ತಾರೆ? ಅದಕ್ಕೇ ಎಷ್ಟೋ ಎಟಿಎಮ್‌ಗಳು ಮೊದಲು ಕಾರ್ಡ್ ತೆಗೆಯಿಸಿ ಆಮೇಲೆ ಹಣ ಕೊಡುತ್ತವೆ. ಹಣ ಬಿಟ್ಟು ಹೋಗುವವರು ಅಪರೂಪ ಅಲ್ವಾ. ನಿಮಗೆ ಸಿಕ್ಕಿದ್ದು ಮೊದಲು ಹಣ ಕೊಡುವಂಥದ್ದು ಎಂದು ಕಾಣುತ್ತದೆ. ಕಾರ್ಡನ್ನು ಬ್ಲಾಕ್ ಮಾಡಿಸಿದಿರಾ? ಮಾಡಿಸದಿದ್ದರೆ ಪತ್ರಿಕೆ ಕೆಳಗಿಟ್ಟು ಮೊದಲು ಬ್ಯಾಂಕಿಗೆ ಫೋನ್ ಮಾಡಿ.